ಶಾಸನ ಕಡತಗಳ ಹೆಸರು ಮತ್ತು ಪದವಿಭಜನೆ

ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳು 6ನೆಯ ಸಂಪುಟದಲ್ಲಿಯೂ (1977) ನಾಗಮಂಗಲದವು 7ನೆಯ ಸಂಪುಟದಲ್ಲಿಯೂ (1979) ಪ್ರಕಟವಾಗಿವೆ. ಕ್ಷೇತ್ರಕಾರ್ಯದಲ್ಲಿ ಈ ಶಾಸನಗಳ ಛಾಯಾಚಿತ್ರ ತೆಗೆಯುವವರು ತಾಲ್ಲೂಕಿನ ಹೆಸರು ಮತ್ತು ಶಾಸನಸಂಖ್ಯೆಯನ್ನು ಸೇರಿಸಿ ‘ನಾಗಮಂಗಲ 12’ ಎಂಬಂತೆ ಕಡತಕ್ಕೆ ಹೆಸರಿಡುವುದು ಸಹಜ. ಇಂತಹ ಹೆಸರಿನ ನಡುವಣ ತೆರಪು ಲಿನಕ್ಸ್ ಗಣಕದ ಆದೇಶಸಾಲಿನಲ್ಲಿ ಉಂಟುಮಾಡುವ ಸಮಸ್ಯೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸನಪಾಠದಲ್ಲಿ ಪದಗಳ ನಡುವೆ ಸಾಮಾನ್ಯವಾಗಿ ತೆರಪಿರುವುದಿಲ್ಲ. ಪದವಿಭಜನೆ ಸಂಪಾದಕನ ಹೊಣೆ. ಆದೇಶಸಾಲಿನಲ್ಲಿ ಈ ಹೊಣೆಯನ್ನು ಷೆಲ್ ಎಂಬ ತಂತ್ರಾಂಶ ಹೊರುತ್ತದೆ. ತೆರಪೇ ಅದಕ್ಕೆ ಪದದ ಗಡಿ. ಆದ್ದರಿಂದ ‘ನಾಗಮಂಗಲ 12’ ಎಂಬುದನ್ನು ಅದು ‘ನಾಗಮಂಗಲ’ ಮತ್ತು ‘12’ ಎಂಬ ಎರಡು ಕಡತಗಳೆಂದು ಗ್ರಹಿಸುತ್ತದೆ. ಇಡೀ ಹೆಸರನ್ನು ಉದ್ಧರಣ ಚಿಹ್ನೆಗಳೊಳಗಿಟ್ಟಾಗ ಅದು ಒಂದೇ ಪದವಾಗುತ್ತದೆ. ಈ ಚಿಹ್ನೆಗಳು ನೇರವಾಗಿರಬೇಕು. ಮುದ್ರಣದಲ್ಲಿ ಬಳಸುವ ಬಾಗಿದ ಚಿಹ್ನೆಗಳನ್ನು ಷೆಲ್ ಮಾನ್ಯಮಾಡದು.

ನಕ್ಷತ್ರ ಚಿಹ್ನೆ (*) ಎಷ್ಟು ಅಕ್ಷರಗಳ ಸ್ಥಾನದಲ್ಲಾದರೂ ನಿಲ್ಲಬಲ್ಲದು. ಹೊಂದುವ ಹೆಸರುಗಳನ್ನೆಲ್ಲ ಷೆಲ್ ಮೊದಲು ಹುಡುಕಿ, ಆ ಪಟ್ಟಿಯನ್ನು ಆದೇಶಕ್ಕೆ ಒಪ್ಪಿಸುತ್ತದೆ. ಉದ್ಧರಣದೊಳಗೆ ಈ ಚಿಹ್ನೆ ತನ್ನ ವಿಶೇಷಾರ್ಥವನ್ನು ಕಳೆದುಕೊಳ್ಳುವುದರಿಂದ, ನಾಗಮಂಗಲದ ಎಲ್ಲ ಚಿತ್ರಗಳಿಗೆ "ನಾಗಮಂಗಲ "* ಎಂದು ಅದನ್ನು ಹೊರಗೇ ಬರೆಯಬೇಕು. ಪ್ರಶ್ನಾರ್ಥಕ ಚಿಹ್ನೆ (?) ಒಂದೇ ಸಂಕೇತಕ್ಕೆ ಹೊಂದುತ್ತದೆ. ಆದರೆ ಯೂನಿಕೋಡ್‌ನಲ್ಲಿ ‘ಕೃ’ ಎಂಬುದು ಎರಡು ಸಂಕೇತ, ‘ಕ್ಷ’ ಎಂಬುದು ಮೂರು. ಆದ್ದರಿಂದ ಕನ್ನಡದ ಒಂದು ಅಕ್ಷರಕ್ಕೆ ಒಂದು ಪ್ರಶ್ನಾರ್ಥಕ ಚಿಹ್ನೆ ಸಾಲದಿರಬಹುದು.

ತೆರಪು ಮತ್ತು ನಕ್ಷತ್ರಗಳು ಕೂಡಿದಾಗ ಅಪಾಯ ಹೆಚ್ಚು. ಅಸ್ಪಷ್ಟ ಚಿತ್ರಗಳಿಗೆ ‘ಮಸುಕು1’, ‘ಮಸುಕು2’ ಎಂದು ಹೆಸರಿಟ್ಟಿದ್ದ ಈ ಲೇಖಕನು ಅವನ್ನು ಅಳಿಸಲು ‘ಆರ್‌ಎಂ’ ಆದೇಶದೊಡನೆ ‘ಮಸುಕು*’ ಎನ್ನುವ ಬದಲು ‘ಮಸುಕು *’ ಎಂದು ಬರೆದನು. ‘ಮಸುಕು’ ಎಂಬ ಕಡತವಿಲ್ಲವೆಂದು ಗಣಕ ತಿಳಿಸುವಷ್ಟರಲ್ಲಿ, ಒಂಟಿ ನಕ್ಷತ್ರಕ್ಕೆ ಹೊಂದಿದ ಆ ಕಡತಕೋಶದ ಚಿತ್ರಗಳೆಲ್ಲ ಅಳಿದಿದ್ದವು. ಈ ಆದೇಶ ಅಳಿಸಿದ್ದು ಕಸದ ಬುಟ್ಟಿಯಲ್ಲಿಯೂ ಉಳಿಯುವುದಿಲ್ಲ. ಮತ್ತೆ ನಾಗಮಂಗಲ ತಾಲ್ಲೂಕಿಗೆ ಹೋದಾಗ ಒಂದು ಕಲ್ಲಿಗೆ ಸುಣ್ಣ ಬಳಿದಾಗಿತ್ತು.

ಆದ್ದರಿಂದ ಹೆಸರುಗಳಲ್ಲಿ ತೆರಪಿನ ಬದಲು ಅಡಿಗೆರೆಯನ್ನು (_) ಬಳಸುವುದು ಲೇಸು. ಅಳಿಸುವ ಮುನ್ನ ಅದೇ ವಿನ್ಯಾಸವನ್ನು, ಪಟ್ಟಿಯನ್ನು ಮಾತ್ರ ತೋರಿಸುವ ‘ಎಲ್‌ಎಸ್’ ಆದೇಶಕ್ಕೆ ಕೊಟ್ಟು ನೋಡಬೇಕು. ಪ್ರಕಟಣೆಗೆ ಮುನ್ನ ಪದವಿಭಜನೆಯನ್ನು ಮತ್ತೊಮ್ಮೆ ಪರಿಶೀಲಿಸುವ ಸಂಪಾದಕರಿಗೆ ಈ ಶಿಸ್ತು ಹೊಸತೇನಲ್ಲ.