ಗಣಕಯಂತ್ರದೊಳಗೊಂದು ಕಲ್ಯಾಣ

ಕಳೆದ ದೀಪಾವಳಿಯ ರಜೆಯಲ್ಲಿ ನಾವು ಭೀಮಸಮುದ್ರದ ಅಕ್ಕನ ಮನೆಗೆ ಹೋಗಿದ್ದೆವು. ಅಡಿಕೆಯ ಸುಗ್ಗಿಯ ಕಾಲ. ಅಂಗಳದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿದ್ದರು. ಹಿತ್ತಿಲಿನ ಹಂಡೆಯಿಂದ ಚೊಗರಿನ ವಾಸನೆ ಮನೆಯನ್ನೆಲ್ಲ ತುಂಬಿತ್ತು. ಇಷ್ಟು ಗಡಿಬಿಡಿಯ ನಡುವೆ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಮಾತ್ರ ಪಡಸಾಲೆಯ ಮೂಲೆಯಲ್ಲಿ ಗಣಕಯಂತ್ರದ ಮುಂದಿನಿಂದ ಏಳುತ್ತಲೇ ಇರಲಿಲ್ಲ. ಹಬ್ಬದ ದಿನವೂ ಆಟವೇ ಎಂದು ಗದರಿದೆವು. "ಆಡ್ತಾ ಇಲ್ಲ ಮಾಮ, ಕಲ್ಯಾಣ ಕಟ್ತಾ ಇದೀನಿ" ಎಂದ.

ಕಲ್ಯಾಣವೆಂಬ ಹೆಸರು ಕಿವಿಗೆ ಬಿದ್ದ ಮೇಲೆ ನಾವು ಸುಮ್ಮನಿರುವುದು ಹೇಗೆ? ಕುರ್ಚಿಯೆಳೆದು ಅವನ ಪಕ್ಕದಲ್ಲಿ ಕುಳಿತೆವು. ಅಂದು ಕಂಡದ್ದನ್ನೂ ಕಲಿತದ್ದನ್ನೂ ಮಕ್ಕಳಿರುವ ಮನೆಗಳವರೊಡನೆ ಹಂಚಿಕೊಳ್ಳಬೇಕೆಂಬ ಆಸೆಯಿಂದ ಈ ಲೇಖನ.

ಇದ್ದ ಆಟವನ್ನು ತಿದ್ದುವುದು

‘ಏಜ್ ಆಫ್ ಎಂಪೈರ್ಸ್’ ಎಂಬ ಯುದ್ಧತಂತ್ರದ ಆಟವನ್ನು ಇಂದಿನ ಮಕ್ಕಳು ಬಹುಮಟ್ಟಿಗೆ ಬಲ್ಲರು. ಮಧ್ಯಯುಗವನ್ನು ಕುರಿತ ಅದರ ಎರಡನೆಯ ಭಾಗ ಹೊರಬಂದದ್ದು 1999ರಲ್ಲಿ. ಪರಿಷ್ಕೃತ ಆವೃತ್ತಿ 2019ರಲ್ಲಿ ಬಂದಿತು. ಆಡುವವನು ಒಂದು ರಾಜ್ಯದ ಒಡೆಯ. ಆಳುಗಳಿಂದ ಧಾನ್ಯ, ಕಟ್ಟಿಗೆ, ಚಿನ್ನ, ಕಲ್ಲು ಎಂಬ ನಾಲ್ಕು ಸಂಪತ್ತುಗಳನ್ನು ಕೂಡಿಸಿ, ಮನೆ ಕೋಟೆಗಳನ್ನು ಕಟ್ಟಿ, ಸೈನ್ಯ ಬೆಳೆಸಿ, ಎದುರಾಳಿಯನ್ನು ಸೋಲಿಸಬೇಕು.

ಈ ಆಟದ ವಿಶೇಷವೆಂದರೆ ಆಡುವವರೇ ಅದನ್ನು ತಿದ್ದಬಹುದು. ಹಾಗೆ ತಿದ್ದಿದ ರೂಪವನ್ನು ‘ಮಾಡ್’ ಎನ್ನುತ್ತಾರೆ. ಭೂಪಟವನ್ನು ಹೊಸದಾಗಿ ಬರೆಯಬಹುದು. ಸೈನಿಕನ ಹೆಸರು, ಬೆಲೆ, ಬಲಗಳನ್ನು ಬದಲಿಸಬಹುದು. ಇಂಥದ್ದು ನಡೆದರೆ ಇಂಥದ್ದು ಆಗಲಿ ಎಂದು ಷರತ್ತು ಮತ್ತು ಪರಿಣಾಮಗಳನ್ನು ಜೋಡಿಸಿ ಹೊಸ ಕಥೆಯನ್ನೇ ಹೆಣೆಯಬಹುದು.

ಈ ಶ್ರಮವೇಕೆಂದು ಕೇಳಿದೆವು. 2022ರ ಏಪ್ರಿಲ್‌ನಲ್ಲಿ ಇದೇ ಆಟಕ್ಕೆ ‘ಡೈನಾಸ್ಟೀಸ್ ಆಫ್ ಇಂಡಿಯಾ’ ಎಂಬ ಹೊಸ ಭಾಗ ಸೇರಿತು. ಅದರ ಮೂರು ಕಥಾನಕಗಳು ಬಾಬರ್, ರಾಜೇಂದ್ರ ಚೋಳ ಮತ್ತು ಬಂಗಾಳದ ದೇವಪಾಲನನ್ನು ಕುರಿತವು. ದಕ್ಷಿಣದವರೆಲ್ಲರೂ ‘ದ್ರಾವಿಡರು’ ಎಂಬ ಒಂದೇ ಹೆಸರಿನಡಿ ಬರುತ್ತಾರೆ. ಅವರ ವಿಶಿಷ್ಟ ಸೈನಿಕನ ಕೈಯಲ್ಲಿರುವುದು ಮಲಬಾರಿನ ಉರುಮಿ, ಅಂದರೆ ಬಾಗುವ ಕತ್ತಿ. ಕಲ್ಯಾಣದ ಚಾಲುಕ್ಯರ ಕಥಾನಕವಿಲ್ಲ, ಹೊಯ್ಸಳರದೂ ಇಲ್ಲ. ನಮ್ಮ ಕಥೆಯನ್ನು ನಾವು ಹೇಳದಿದ್ದರೆ ಬೇರೆಯವರು ತಮಗೆ ತಿಳಿದಂತೆ ಹೇಳುತ್ತಾರೆ, ಇಲ್ಲವೇ ಹೇಳದೆಯೇ ಬಿಡುತ್ತಾರೆ. ಹುಡುಗನ ಮಾತಿನಲ್ಲಿ ಹುರುಳಿತ್ತು.

ಮೆಕ್ಕೆಜೋಳವೂ ಕೋಟೆಯೂ

ಅವನು ಆರಿಸಿಕೊಂಡ ಕಾಲ 1160ರ ದಶಕ. ಕಳಚುರಿ ಬಿಜ್ಜಳ ಕಲ್ಯಾಣದ ಪೀಠದಲ್ಲಿದ್ದ, ಬಸವಣ್ಣನವರು ಭಂಡಾರಿಗಳಾಗಿದ್ದ ಕಾಲ. ಪರದೆಯ ಮೇಲೆ ಮೂಡಿದ ನಗರವನ್ನು ನೋಡಿ ಮೊದಲು ಹೆಮ್ಮೆಪಟ್ಟೆವು. ಅನಂತರ ತಪ್ಪುಗಳು ಒಂದೊಂದಾಗಿ ಕಾಣತೊಡಗಿದವು.

ಊರ ಸುತ್ತ ಮೆಕ್ಕೆಜೋಳದ ಹೊಲಗಳು. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಇಂದು ಕಾಣುವುದು ಅದೇ ತಾನೇ? ಆದರೆ ಮೆಕ್ಕೆಜೋಳ, ಶೇಂಗಾ, ಸೂರ್ಯಕಾಂತಿ, ಮೆಣಸಿನಕಾಯಿಗಳೆಲ್ಲ ಅಮೆರಿಕ ಖಂಡದ ಬೆಳೆಗಳು. 1498ರಲ್ಲಿ ಪೋರ್ಚುಗೀಸರು ಕಡಲ ದಾರಿ ಹಿಡಿದು ಬಂದ ಮೇಲೆಯೇ ಅವು ನಮ್ಮ ನೆಲ ಕಂಡದ್ದು. ಶರಣರ ಪ್ರಸಾದದಲ್ಲಿ ಹಸಿಮೆಣಸಿನಕಾಯಿ ಇರಲಿಲ್ಲ; ಖಾರಕ್ಕೆ ಕರಿಮೆಣಸೇ ಗತಿ. ಹುಡುಗ ಮೆಕ್ಕೆಜೋಳವನ್ನು ಅಳಿಸಿ ಬಿಳಿಜೋಳ, ನವಣೆ, ಹುರುಳಿಗಳನ್ನು ಬಿತ್ತಿದ.

ಎರಡನೆಯದು ಕೋಟೆ. ತಾನು ಬಾಲ್ಯದಿಂದ ಕಂಡ ದುರ್ಗದ ಏಳುಸುತ್ತಿನ ಕೋಟೆಯನ್ನೇ ಅವನು ಕಲ್ಯಾಣಕ್ಕೆ ಎತ್ತಿ ಇಟ್ಟಿದ್ದ. ದುರ್ಗದ ಕೋಟೆ ಈಗಿನ ರೂಪ ತಳೆದದ್ದು ಬಹುಪಾಲು ಪಾಳೆಯಗಾರರ ಕಾಲದಲ್ಲಿ, ಅಂದರೆ 1568ರ ಮತ್ತಿ ತಿಮ್ಮಣ್ಣನಾಯಕನಿಂದ 1779ರಲ್ಲಿ ಹೈದರಾಲಿ ದುರ್ಗವನ್ನು ಹಿಡಿಯುವವರೆಗಿನ ಅವಧಿಯಲ್ಲಿ. ಬಸವಕಲ್ಯಾಣದಲ್ಲಿ ಇಂದು ನಿಂತಿರುವ ಕೋಟೆ ಕೂಡ ಬಹುಮಟ್ಟಿಗೆ ಬಹಮನಿ ಮತ್ತು ಅನಂತರದ ಕಾಲದ್ದು. ಆದ್ದರಿಂದ ಫಿರಂಗಿಗಳೂ ಹೋದವು, ಬಂಡೆಗಳ ಬೆಟ್ಟವೂ ಹೋಯಿತು. ಸೈನಿಕರ ಉಡುಗೆ ಆಯುಧಗಳಿಗೆ ವೀರಗಲ್ಲುಗಳನ್ನು ನೋಡೆಂದೆವು. ಕತ್ತಿ, ಗುರಾಣಿ, ಬಿಲ್ಲು, ಈಟಿ, ಕುದುರೆ, ಆನೆ ಎಲ್ಲವನ್ನೂ ಆ ಕಾಲದ ಶಿಲ್ಪಿಯೇ ಕಣ್ಣಾರೆ ಕಂಡು ಕೆತ್ತಿದ್ದಾನೆ. ಉರುಮಿ ಅಲ್ಲಿ ಕಾಣದು.

ನೀರಿನ ಲೆಕ್ಕ

ಅಷ್ಟರಲ್ಲಿ ಅಕ್ಕನ ಅತ್ತೆಯವರು ಬಂದು ಮೊಮ್ಮಗನ ಹಿಂದೆ ನಿಂತರು. ಸ್ವಲ್ಪ ಹೊತ್ತು ನೋಡಿ ಕೇಳಿದರು: "ಇದಕ್ಕೆ ಕೆರೆ ಎಲ್ಲೈತಪ್ಪ? ಕೆರೆ ಇಲ್ದಿದ್ ಊರಿಗೆ ಕ್ವಾಟೆ ಕಟ್ಟಿ ಏನ್ ಮಾಡ್ತೀಯ?"

ಹುಡುಗ ನಕ್ಕ, ಆಮೇಲೆ ಯೋಚಿಸತೊಡಗಿದ. ಆಟದ ನಾಲ್ಕು ಸಂಪತ್ತುಗಳಲ್ಲಿ ನೀರು ಇಲ್ಲವೇ ಇಲ್ಲ. ಕೆರೆಯ ಹೆಸರನ್ನೇ ತನ್ನ ಹೆಸರಾಗಿ ಹೊತ್ತ ಊರಿನ ಅಜ್ಜಿಗೆ ಅದು ಕಂಡದ್ದು ಸಹಜ. ದುರ್ಗದ ಬೆಟ್ಟದ ಮೇಲೂ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳಿದ್ದುದರಿಂದಲೇ ಮುತ್ತಿಗೆಯ ದಿನಗಳಲ್ಲಿ ಜನ ಬದುಕಿದ್ದು. ಶರಣರಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಕರ್ಮಯೋಗಿಗಳೆಂದೇ ಪ್ರಸಿದ್ಧರು. ಆ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ.

ಆಟಕ್ಕೆ ಐದನೆಯ ಸಂಪತ್ತನ್ನು ಸೇರಿಸುವುದು ಸುಲಭವಲ್ಲವಂತೆ. ಹುಡುಗ ಉಪಾಯ ಹುಡುಕಿದ. ಭೂಪಟದಲ್ಲಿ ಒಂದು ಕೆರೆಯನ್ನಿಟ್ಟು, ಶತ್ರುಸೈನಿಕರು ಅದರ ಏರಿಯ ಮೇಲೆ ನಿಂತಿರುವಷ್ಟು ಕಾಲ ಊರಿನ ಧಾನ್ಯ ಮತ್ತೆ ಮತ್ತೆ ಇಳಿಯುವಂತೆ ಷರತ್ತು ಬರೆದ. ಚಿನ್ನದ ವಿಷಯದಲ್ಲೂ ಹೀಗೆಯೇ. ರಾಜಧಾನಿಯ ಭಂಡಾರ ತುಂಬುತ್ತಿದ್ದುದು ಊರಾಚೆಯ ಗಣಿಯಿಂದಲ್ಲ, ಸುಂಕ ವ್ಯಾಪಾರಗಳಿಂದ. ಗಣಿಗಳನ್ನು ತೆಗೆದು ಸಂತೆಯ ಬಂಡಿಗಳನ್ನು ಉಳಿಸಿದ.

ಹೆಸರಿಲ್ಲದ ಆಳುಗಳು

ಅಜ್ಜಿಯ ಎರಡನೆಯ ಪ್ರಶ್ನೆ ಇನ್ನೂ ಆಳವಾದುದು. ಕಟ್ಟಿಗೆ ಹೊರುತ್ತಿದ್ದ ಬೊಂಬೆಯನ್ನು ತೋರಿಸಿ "ಇವನ ಹೆಸರೇನು?" ಎಂದರು.

"ಹೆಸರಿಲ್ಲಜ್ಜಿ, ಬರೇ ಆಳು."

"ಹೆಸರಿಲ್ದಿದ್ ಆಳು ಯಾವ ಊರಾಗಿದಾನಪ್ಪ?" ಎನ್ನುತ್ತ ಅವರು ಅಂಗಳಕ್ಕೆ ನಡೆದು, ಅಡಿಕೆ ಸುಲಿಯುತ್ತಿದ್ದವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಊಟಕ್ಕೆ ಕರೆದರು.

ಆಟದಲ್ಲಿ ಒಬ್ಬ ಆಳಿನ ಬೆಲೆ 50 ಪಾಲು ಧಾನ್ಯ; ಅವನ ಪ್ರಾಣಬಲ 25. ಕುದುರೆಯೇರಿದ ವೀರನಿಗೆ 100. ಆಳು ಸತ್ತರೆ ಇನ್ನೊಬ್ಬನನ್ನು ಕೊಳ್ಳಬಹುದು. ಕಲ್ಯಾಣದ ಮಹತ್ತ್ವ ಇರುವುದು ಈ ಲೆಕ್ಕವನ್ನು ಅದು ತಲೆಕೆಳಗು ಮಾಡಿದ್ದರಲ್ಲಿ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲ ದುಡಿಯುವ ಜನ. ಅವರ ಹೆಸರುಗಳು ಅವರ ಕಾಯಕದೊಡನೆ ನಮಗೆ ಉಳಿದು ಬಂದಿವೆ. ಅಂದಿನ ಎಷ್ಟೋ ದಂಡನಾಯಕರ ಹೆಸರು ಶಾಸನ ಓದುವವರಿಗಷ್ಟೇ ಗೊತ್ತು.

ಹುಡುಗ ಉತ್ಸಾಹದಿಂದ ಆಳುಗಳಿಗೆ ಶರಣರ ಹೆಸರನ್ನೇ ಇಡಹೊರಟ. ನಮಗೆ ಒಪ್ಪಿಗೆಯಾಗಲಿಲ್ಲ. ಯಾವನೋ ಮಗು ಗುಂಡಿಯೊತ್ತಿದಾಗ ಚೌಡಯ್ಯನವರ ಹೆಸರಿನ ಬೊಂಬೆ ಕತ್ತಿಗೆ ಸಿಕ್ಕಿ ಬೀಳುವುದು ಭಕ್ತರ ಮನಸ್ಸಿಗೆ ಹಿತವಲ್ಲ. ಕೊನೆಗೆ ಅಂಬಿಗ, ಮೇದ, ನೇಕಾರ, ಕುಂಬಾರ ಎಂದು ಕಾಯಕದ ಹೆಸರುಗಳನ್ನಿಟ್ಟು, ಬಸವಾದಿ ಶರಣರನ್ನು ಬೊಂಬೆಗಳಾಗಿಸದೆ ಬಿಡುವುದೆಂದು ತೀರ್ಮಾನವಾಯಿತು. ಆಟದ ಸಂನ್ಯಾಸಿ ಮಂತ್ರ ಪಠಿಸಿ ಕ್ಷಣಮಾತ್ರದಲ್ಲಿ ಶತ್ರುವನ್ನು ತನ್ನವನನ್ನಾಗಿಸುತ್ತಾನೆ. ಅವನನ್ನೂ ತೆಗೆಸಿದೆವು. ಶರಣರು ಜನರನ್ನು ಒಲಿಸಿಕೊಂಡದ್ದು ಮಾತಿನಿಂದ, ನಡೆಯಿಂದ. ಅದಕ್ಕೆ ಬೇಕಾದದ್ದು ವರ್ಷಗಳು.

ಗೆಲುವೆಂದರೆ ಏನು?

ಕಟ್ಟಕಡೆಯ ತೊಡಕು ಗೆಲುವಿನದು. ಎದುರಾಳಿಯನ್ನು ನಿರ್ನಾಮ ಮಾಡಿದವನು ಗೆದ್ದನೆಂಬುದು ಆಟದ ನಿಯಮ. ಕಲ್ಯಾಣದಲ್ಲಿ ಯಾರನ್ನು ಕೊಂದು ಯಾರು ಗೆಲ್ಲಬೇಕು? 1167-68ರ ಸುಮಾರಿಗೆ ಮಧುವರಸರ ಮಗಳು ಹರಳಯ್ಯನವರ ಮನೆಗೆ ಸೊಸೆಯಾಗಿ ಹೋದ ಕಾರಣ ಇಬ್ಬರು ಬೀಗರಿಗೂ ಮರಣದಂಡನೆಯಾಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಕಲ್ಯಾಣ ಹೊತ್ತಿ ಉರಿಯಿತು. ಸೈನ್ಯದ ಲೆಕ್ಕದಲ್ಲಿ ಶರಣರು ಸೋತರು.

ಆದರೆ ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ವಚನಗಳ ಓಲೆಗಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ನಡೆದರೆಂದು ನಮ್ಮ ಪರಂಪರೆ ಹೇಳುತ್ತದೆ. ಮುಂದೆ ವಚನದ ಓಲೆಗಳು ಮಠಗಳಲ್ಲಿ, ಮನೆಗಳ ಜಗಲಿಗಳಲ್ಲಿ ಉಳಿದು ಬಂದವು. ಅವನ್ನು ಹುಡುಕಿ ಕೂಡಿಸಿದ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದ್ದು 1923ರಲ್ಲಿ. ಗೆದ್ದವರು ಯಾರೆಂಬುದು ತಿಳಿಯಲು ಏಳೂವರೆ ಶತಮಾನ ಬೇಕಾಯಿತು.

ಹುಡುಗ ಬಹಳ ಹೊತ್ತು ಮೌನವಾಗಿದ್ದು, ಹಳೆಯ ನಿಯಮವನ್ನು ತೆಗೆದುಹಾಕಿದ. ಹೊಸ ನಿಯಮ ಒಂದೇ ಸಾಲು: ಓಲೆಗಟ್ಟು ಹೊತ್ತ ಬಂಡಿ ಉಳವಿಯನ್ನು ಮುಟ್ಟಿದರೆ ಗೆಲುವು. ಎಷ್ಟು ಜನ ಸೈನಿಕರನ್ನು ಕೊಂದರೂ ಬಂಡಿ ಮುಟ್ಟದಿದ್ದರೆ ಸೋಲು.

ರಾತ್ರಿ ಊಟವಾದ ಮೇಲೆ ಮನೆಮಂದಿಯೆಲ್ಲ ಪರದೆಯ ಸುತ್ತ ನೆರೆದೆವು. ಬಂಡಿ ಕಲ್ಯಾಣದ ಬಾಗಿಲು ದಾಟಿತು. ಹೊಳೆಯ ದಂಡೆಯಲ್ಲಿ ಬಿಜ್ಜಳನ ಕುದುರೆಗಳಿಗೆ ಸಿಕ್ಕಿಬಿದ್ದಿತು. ಹುಡುಗ ಬೇಸರದಿಂದ ಏಳಹೊರಟಾಗ ಅಜ್ಜಿ ಅವನ ಭುಜ ಹಿಡಿದು ಕೂರಿಸಿದರು. "ಇನ್ನೊಂದ್ ಸಲ ನೋಡಪ್ಪ. ಅಂಬಿಗನ್ನ ಮೊದ್ಲೇ ಹೊಳೆ ಹತ್ರ ಕಳಿಸು."

ಆಟದ ಹುಚ್ಚು ಮಕ್ಕಳ ಓದನ್ನೂ ನಿದ್ದೆಯನ್ನೂ ಕೆಡಿಸುತ್ತದೆಂಬ ತಾಯ್ತಂದೆಯರ ಆತಂಕ ಸುಳ್ಳಲ್ಲ. ಗದರುವ ಮುನ್ನ ಒಮ್ಮೆ ಅವರ ಪಕ್ಕದಲ್ಲಿ ಕುಳಿತು ನೋಡೋಣ. ಅವರು ಕಟ್ಟುತ್ತಿರುವ ಊರಿನಲ್ಲಿ ಕೆರೆಯಿದೆಯೇ, ದುಡಿಯುವವನಿಗೆ ಹೆಸರಿದೆಯೇ ಎಂದು ಕೇಳೋಣ.

ಅಂದು ಮೂರನೆಯ ಸಲ ಬಂಡಿ ಉಳವಿ ಮುಟ್ಟಿದಾಗ ಮಧ್ಯರಾತ್ರಿ ಮೀರಿತ್ತು. ಅಜ್ಜಿ ಎದ್ದು ವಿಭೂತಿ ತಂದು ಮೊಮ್ಮಗನ ಹಣೆಗೆ ಹಚ್ಚಿ, "ಸಾಕು, ಇನ್ ಮಲಕ್ಕೊ" ಎಂದರು.