ಸೀಟು ಒಂದು, ಡ್ರೈವರ್ ಮೂವರು

ಮಧುಗಿರಿಯ ಒಂದು ಕಾಲೇಜಿನಲ್ಲಿ ಮಾತಾಡೋದಕ್ಕೆ ಕರೆದಿದ್ದರು. ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದಲೂ ಮಕ್ಕಳು ಬಂದಿದ್ದರು. ಭಾಷಣ ಮುಗೀತು, ಪ್ರಶ್ನೆ ಕೇಳಿ ಅಂದೆ. ಪಾವಗಡದ ಹುಡುಗನೊಬ್ಬ ಎದ್ದು ನಿಂತ. ಸೋಲಾರ್ ಪಾರ್ಕ್ ಬಗ್ಗೆ ಕೇಳ್ತಾನೆ, ಇಲ್ಲಾ ಕುಡಿಯೋ ನೀರಿನ ಬಗ್ಗೆ ಕೇಳ್ತಾನೆ ಅಂದುಕೊಂಡೆ. ಅವನು ಕೇಳಿದ್ದು ಇಷ್ಟು:

‘ಸರ್, ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಫಾರ್ಮುಲಾ ಒನ್‌ಗೆ ಹೋಗಲೇ ಇಲ್ಲ. ಹಂಗಾದ್ರೆ ಅವರು ಫೇಲಾ?’

ಸಭೆಯಲ್ಲಿ ಅರ್ಧ ಜನಕ್ಕೆ ಆ ಹೆಸರೇ ಗೊತ್ತಿರಲಿಲ್ಲ. ತಪ್ಪು ಅವರದ್ದಲ್ಲ, ನಮ್ಮದು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಈ ಆಟ ಹೇಗೆ ಅಂತ ನೋಡೋಣ. ಫಾರ್ಮುಲಾ ಕಾರು ಅಂದರೆ ಒಂದೇ ಸೀಟಿನ ಕಾರು. ಚಕ್ರಗಳು ಹೊರಗೆ, ಡ್ರೈವರ್ ತಲೆಯೂ ಹೊರಗೆ. ಚಿಕ್ಕ ವಯಸ್ಸಿನಲ್ಲಿ ಗೋ-ಕಾರ್ಟ್‌ನಿಂದ ಶುರು. ಆಮೇಲೆ ಫಾರ್ಮುಲಾ ಫೋರ್, ತ್ರೀ, ಟೂ. ಮೇಲ್ಗಡೆ ಫಾರ್ಮುಲಾ ಒನ್. ನಮ್ಮ ಮಧುಗಿರಿ ಬೆಟ್ಟದ ಹಾಗೆ. ಬುಡದಲ್ಲಿ ನೂರು ಜನ ಹತ್ತೋಕೆ ಶುರು ಮಾಡ್ತಾರೆ, ಮೇಲಕ್ಕೆ ಹೋದಷ್ಟೂ ಜಾಗ ಕಡಿಮೆ. 2018ರಲ್ಲಿ ಫಾರ್ಮುಲಾ ಒನ್‌ನಲ್ಲಿ ಇದ್ದದ್ದು ಹತ್ತು ತಂಡ, ಇಪ್ಪತ್ತು ಸೀಟು. ಇಡೀ ಪ್ರಪಂಚಕ್ಕೆ ಇಪ್ಪತ್ತೇ ಸೀಟು! ನಮ್ಮ ದೇಶದಿಂದ ಇದುವರೆಗೆ ಅಲ್ಲಿ ರೇಸ್ ಓಡಿಸಿದವರು ಇಬ್ಬರೇ. 2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಂದೋಕ್. ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಹತ್ತೋಕೆ ಕೈಯಲ್ಲಿ ಕಸುಬು ಇದ್ದರೆ ಸಾಲದು, ಜೇಬಲ್ಲಿ ಕೋಟಿ ಕೋಟಿ ಬೇಕು, ಇಲ್ಲಾ ಕೊಡೋ ಸ್ಪಾನ್ಸರ್ ಬೇಕು.

ಅರ್ಜುನ್ ಮೈನಿ ಹುಟ್ಟಿದ್ದು 1997ರಲ್ಲಿ, ಬೆಂಗಳೂರಿನಲ್ಲಿ. ರೇಸಿಂಗ್ ಮನೆಯಲ್ಲೇ ಇತ್ತು. ತಂದೆ ಗೌತಮ್ ಮೈನಿಯೂ ರೇಸ್ ಓಡಿಸಿದವರು. ಬೆಂಗಳೂರಿನ ರಸ್ತೆಗಳಲ್ಲಿ ಪುಟ್ಟ ರೇವಾ ಎಲೆಕ್ಟ್ರಿಕ್ ಕಾರು ನೋಡಿದ್ದೀರಲ್ಲ, ಅದನ್ನು ತಂದ ಚೇತನ್ ಮೈನಿ ಇವರ ಚಿಕ್ಕಪ್ಪ. ತಮ್ಮ ಕುಶ್ ಕೂಡ ಡ್ರೈವರ್. ದುಡ್ಡಿದ್ದ ಮನೆ ಅಲ್ವಾ ಸಾರ್ ಅಂತೀರಿ. ನಿಜ, ಒಪ್ತೀನಿ. ಆದರೆ ದುಡ್ಡು ನಿಮ್ಮನ್ನು ಗೇಟಿನ ಒಳಗೆ ಬಿಡುತ್ತೆ, ಸ್ಟಿಯರಿಂಗ್ ತಿರುಗಿಸಲ್ಲ.

2014ರಲ್ಲಿ ಇಂಗ್ಲೆಂಡಿನ ಬಿಆರ್‌ಡಿಸಿ ಫಾರ್ಮುಲಾ ಫೋರ್. ಹುಡುಗನಿಗೆ ಹದಿನಾರು ವರ್ಷ. ವರ್ಷದ ಕೊನೇ ರೇಸಿನ ತನಕ ಚಾಂಪಿಯನ್ ಯಾರು ಅಂತ ತೀರ್ಮಾನ ಆಗಲಿಲ್ಲ. ಕೊನೆಗೆ ಅರ್ಜುನ್ ಎರಡನೇ ಸ್ಥಾನ. ಅಂತರ ಎಷ್ಟು ಗೊತ್ತಾ? ಮೂರು ಪಾಯಿಂಟ್. ಗೆದ್ದವನ ಹೆಸರು ಜಾರ್ಜ್ ರಸೆಲ್. ಹೌದು, ಇವತ್ತು ಟಿವಿಯಲ್ಲಿ ಮರ್ಸಿಡಿಸ್ ಫಾರ್ಮುಲಾ ಒನ್ ಕಾರು ಓಡಿಸೋದನ್ನ ನೋಡ್ತೀರಲ್ಲ, ಅದೇ ರಸೆಲ್.

ಹಾಗಂತ ಅರ್ಜುನ್ ಅಲ್ಲಿಗೆ ನಿಲ್ಲಲಿಲ್ಲ. 2017ರಲ್ಲಿ ಬಾರ್ಸಿಲೋನಾದಲ್ಲಿ ಜಿಪಿ3 ರೇಸ್ ಗೆದ್ದರು. ಆ ಸರಣಿಯಲ್ಲಿ ಗೆದ್ದ ಮೊದಲ ಭಾರತೀಯ. ಅದೇ ವರ್ಷ ಹಾಸ್ ಫಾರ್ಮುಲಾ ಒನ್ ತಂಡ ಡೆವಲಪ್‌ಮೆಂಟ್ ಡ್ರೈವರ್ ಮಾಡಿಕೊಂಡಿತು. 2018ರಲ್ಲಿ ಫಾರ್ಮುಲಾ ಟೂ. ಇನ್ನೊಂದೇ ಮೆಟ್ಟಿಲು.

ಆ ವರ್ಷ ಸಿಲ್ವರ್‌ಸ್ಟೋನ್‌ನಲ್ಲಿ ಏನಾಯ್ತು ಕೇಳಿ. ರೇಸ್ ಮುಗಿದಿದೆ, ಬಾವುಟ ಬಿದ್ದಿದೆ, ಎಲ್ಲರೂ ನಿಧಾನಕ್ಕೆ ವಾಪಸ್ ಬರ್ತಿದ್ದಾರೆ. ಆಗ ಅರ್ಜುನ್ ಕಾರಿಗೆ ಇನ್ನೊಂದು ಕಾರು ಬಂದು ಗುದ್ದಿತು. ಓಡಿಸ್ತಿದ್ದವನು ಯಾರು? ಎದುರಾಳಿ ತಂಡದವನಲ್ಲ, ಅವರದೇ ತಂಡದ ಇನ್ನೊಬ್ಬ ಡ್ರೈವರ್! ವಿಚಾರಣೆ ನಡೆದು ಅವನಿಗೆ ನಾಲ್ಕು ರೇಸ್ ನಿಷೇಧ ಬಿತ್ತು, ತಂಡವೂ ಕೈಬಿಟ್ಟಿತು. ಯಾಕೆ ಹೇಳಿದೆ ಅಂದರೆ, ಒಂಟಿ ಸೀಟಿನ ಜಗತ್ತಿನಲ್ಲಿ ನಿಮ್ಮ ಮೊದಲ ಎದುರಾಳಿ ನಿಮ್ಮ ಪಕ್ಕದವನೇ. ಅವನದ್ದೂ ಅದೇ ಕಾರು, ಅದೇ ಎಂಜಿನ್. ಅವನನ್ನು ಹಿಂದೆ ಹಾಕಿದರೆ ಮಾತ್ರ ಮೇಲಿನವರ ಕಣ್ಣಿಗೆ ನೀವು ಬೀಳ್ತೀರಿ.

ಮಾರನೇ ವರ್ಷ, 2019ರಲ್ಲಿ, ಅರ್ಜುನ್ ದಾರಿ ಬದಲಿಸಿದರು. ಎಂಡ್ಯೂರೆನ್ಸ್ ರೇಸಿಂಗ್. ಯುರೋಪಿಯನ್ ಲೆ ಮಾನ್ ಸರಣಿ, ಜೂನ್‌ನಲ್ಲಿ ಫ್ರಾನ್ಸ್‌ನ ಲೆ ಮಾನ್ 24 ಗಂಟೆ ರೇಸ್. ಇದು 1923ರಿಂದ ನಡೆದು ಬಂದಿರೋದು. ಶನಿವಾರ ಮಧ್ಯಾಹ್ನ ಶುರುವಾದರೆ ಭಾನುವಾರ ಮಧ್ಯಾಹ್ನದ ತನಕ, ರಾತ್ರಿಯೆಲ್ಲ ಓಡ್ತಾನೇ ಇರಬೇಕು. ಒಂದು ಸುತ್ತು ಹದಿಮೂರೂವರೆ ಕಿಲೋಮೀಟರ್‌ಗಿಂತ ಜಾಸ್ತಿ. ಆ ವರ್ಷ ಗೆದ್ದ ಕಾರು ಸುತ್ತಿದ್ದು 385 ಸುತ್ತು. ಲೆಕ್ಕ ಹಾಕಿ, ಐದು ಸಾವಿರ ಕಿಲೋಮೀಟರ್ ದಾಟುತ್ತೆ. ಬೆಂಗಳೂರಿನಿಂದ ದೆಹಲಿಗೆ ಹೋಗಿ, ವಾಪಸ್ ಬಂದು, ಮತ್ತೆ ಹೊರಟ ಹಾಗೆ. ಒಂದೇ ದಿನದಲ್ಲಿ!

ಒಬ್ಬನ ಕೈಯಲ್ಲಿ ಆಗೋ ಕೆಲಸ ಅಲ್ಲ ಅದು. ಒಂದು ಕಾರಿಗೆ ಮೂವರು ಡ್ರೈವರ್. ಆರು ಗಂಟೆಯ ಅವಧಿಯಲ್ಲಿ ಒಬ್ಬ ನಾಲ್ಕು ಗಂಟೆಗಿಂತ ಹೆಚ್ಚು ಓಡಿಸೋ ಹಾಗಿಲ್ಲ. ಅರ್ಜುನ್ ಜೊತೆ ಇದ್ದವರು ಕೆನಡಾದ ಜಾನ್ ಫರಾನೊ, ಫ್ರಾನ್ಸ್‌ನ ನಾರ್ಮನ್ ನಾಟೊ. ಅವರು ಓಡಿಸಿದ ಎಲ್‌ಎಂಪಿ2 ವರ್ಗದಲ್ಲಿ ಇನ್ನೊಂದು ನಿಯಮ ಇದೆ. ಡ್ರೈವರ್‌ಗಳನ್ನು ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ವಿಂಗಡಿಸಿರ್ತಾರೆ. ಮೂವರಲ್ಲಿ ಒಬ್ಬನಾದರೂ ಸಿಲ್ವರ್ ಇಲ್ಲಾ ಬ್ರಾಂಜ್ ಆಗಿರಲೇಬೇಕು. ಅಂದರೆ ನಿಮಗಿಂತ ನಿಧಾನದವನ ಜೊತೆ ನೀವು ಕಾರು ಹಂಚಿಕೊಳ್ಳಬೇಕು. ಅವನು ಕಳೆದುಕೊಂಡ ಸೆಕೆಂಡು ನೀವು ಗಳಿಸಬೇಕು. ಅವನಿಗೆ ಕಾರು ಕೊಡೋವಾಗ ಟೈರು, ಬ್ರೇಕು ಸರಿಯಾಗಿ ಉಳಿಸಿ ಕೊಡಬೇಕು.

ಡ್ರೈವರ್ ಬದಲಾಗೋ ದೃಶ್ಯ ಇದೆಯಲ್ಲ, ಅದನ್ನು ಒಮ್ಮೆ ನೋಡಿ. ಕಾರು ಪಿಟ್‌ಗೆ ಬರುತ್ತೆ, ಒಳಗಿದ್ದವನು ಇಳೀತಾನೆ, ಹೊಸಬ ಹತ್ತುತಾನೆ. ಇಳಿದವನು ನೀರು ಕುಡಿಯೋಕೆ ಓಡಲ್ಲ. ಬಗ್ಗಿ, ಹತ್ತಿದವನ ಸೀಟ್‌ಬೆಲ್ಟ್ ಎಳೆದು ಹಾಕ್ತಾನೆ. ಹಿಂದಿನ ವರ್ಷ ಜೊತೆಗಾರನೇ ಬಂದು ಗುದ್ದಿದ್ದ ಹುಡುಗ, ಈಗ ಜೊತೆಗಾರನಿಗೆ ತನ್ನ ಸೀಟು ಬಿಟ್ಟುಕೊಡೋ ಆಟಕ್ಕೆ ಬಂದಿದ್ದರು.

ಇದನ್ನು ಸೋತವರ ದಾರಿ ಅನ್ನೋದಾದರೆ ಆ ವರ್ಷ ಗೆದ್ದ ಟೊಯೋಟಾದಲ್ಲಿ ಯಾರಿದ್ದರು ನೋಡಿ. ಫರ್ನಾಂಡೊ ಅಲೊನ್ಸೊ, ಎರಡು ಬಾರಿ ಫಾರ್ಮುಲಾ ಒನ್ ಚಾಂಪಿಯನ್. ಅಲೊನ್ಸೊಗೂ ಆ ಗೆಲುವು ಸುಮ್ಮನೆ ಬರಲಿಲ್ಲ. ಮುಂದಿದ್ದದ್ದು ಟೊಯೋಟಾದ್ದೇ ಇನ್ನೊಂದು ಕಾರು. ಕೊನೇ ಗಂಟೆಯಲ್ಲಿ ಅದರ ಟೈರ್ ಪಂಕ್ಚರ್ ಆಯ್ತು. ಸೆನ್ಸರ್ ತಪ್ಪು ಚಕ್ರ ತೋರಿಸಿತು. ಪಂಕ್ಚರ್ ಆಗದ ಟೈರ್ ಬಿಚ್ಚಿ ಹಾಕಿ ಕಳಿಸಿದರು, ಮತ್ತೆ ವಾಪಸ್ ಬರಬೇಕಾಯ್ತು. ಇಪ್ಪತ್ತಮೂರು ಗಂಟೆಯ ದುಡಿಮೆ ಒಂದು ವೈರಿನಲ್ಲಿ ಹೋಯ್ತು.

ಕರುಣ್ ಚಂದೋಕ್‌ಗೆ 2010ರಲ್ಲಿ ಎಚ್‌ಆರ್‌ಟಿ ತಂಡದಲ್ಲಿ ಜೊತೆಗಾರನಾಗಿದ್ದದ್ದು ಬ್ರೆಜಿಲ್‌ನ ಬ್ರೂನೊ ಸೆನ್ನಾ. ಅಯರ್ಟನ್ ಸೆನ್ನಾ ಅವರ ಸೋದರಳಿಯ. 1994ರಲ್ಲಿ ಮಾವ ರೇಸಿನ ಅಪಘಾತದಲ್ಲಿ ತೀರಿಕೊಂಡ ಮೇಲೆ ಮನೆಯವರು ಹುಡುಗನ ರೇಸಿಂಗ್ ನಿಲ್ಲಿಸಿದರು. ಹತ್ತು ವರ್ಷ ತಡವಾಗಿ ಮತ್ತೆ ಶುರು ಮಾಡಿದ ಬ್ರೂನೊ ಮೂರು ಸೀಸನ್ ಫಾರ್ಮುಲಾ ಒನ್‌ನಲ್ಲಿದ್ದರು, ಆಮೇಲೆ ಆ ಸೀಟು ಹೋಯ್ತು. ಎಂಡ್ಯೂರೆನ್ಸ್‌ಗೆ ಬಂದರು, 2017ರಲ್ಲಿ ಎಲ್‌ಎಂಪಿ2 ವಿಶ್ವ ಚಾಂಪಿಯನ್ ಆದರು. ಚಂದೋಕ್ ಕೂಡ ಅದೇ ದಾರಿ ಹಿಡಿದು 2012ರ ಲೆ ಮಾನ್‌ನಲ್ಲಿ ಒಟ್ಟಾರೆ ಆರನೇ ಸ್ಥಾನ ಪಡೆದರು. ಅರ್ಜುನ್ 2021ರಲ್ಲಿ ಜರ್ಮನಿಯ ಡಿಟಿಎಂ ಸರಣಿಗೆ ಹೋದರು, ಅಲ್ಲಿ ಓಡಿಸಿದ ಮೊದಲ ಭಾರತೀಯ ಆದರು.

ಈಗ ನಮ್ಮ ತಪ್ಪಿನ ಮಾತು. ಆ ಲೆ ಮಾನ್ ರೇಸ್ ಮುಗಿದದ್ದು 2019ರ ಜೂನ್ 16, ಭಾನುವಾರ, ನಮ್ಮ ಸಂಜೆ ಆರೂವರೆ. ನೆನಪಾಯ್ತಾ? ವರ್ಲ್ಡ್ ಕಪ್‌ನಲ್ಲಿ ಭಾರತ-ಪಾಕಿಸ್ತಾನ ಮ್ಯಾಚ್. ರೋಹಿತ್ ಶರ್ಮಾ 140 ಹೊಡೆದ ದಿನ, ನಮ್ಮ ರಾಹುಲ್ 57. ಇಡೀ ಸಂಜೆ ನಾನು ಅದನ್ನೇ ಕೂಗ್ತಾ ಕೂತಿದ್ದೆ. ಬೆಂಗಳೂರಿನ ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಲೆ ಮಾನ್‌ನಲ್ಲಿ ಓಡಿಸಿದ ಅಂತ ಒಂದು ಸ್ಕ್ರೋಲ್ ಕೂಡ ಹಾಕಲಿಲ್ಲ. ಕಪ್ ಎತ್ತಿದರೆ ಬ್ರೇಕಿಂಗ್ ನ್ಯೂಸ್, ಇಲ್ಲದಿದ್ದರೆ ಸುದ್ದಿನೇ ಅಲ್ಲ. ಹುಡುಗರಿಗೆ ‘ಫಸ್ಟ್, ಇಲ್ಲಾ ಫೇಲ್’ ಅಂತ ಕಲಿಸಿದ್ದು ಯಾರು? ನಾವೇ.

ಸಭೆ ಮುಗಿದ ಮೇಲೆ ಆ ಪಾವಗಡದ ಹುಡುಗ ಹತ್ತಿರ ಬಂದ. ಎರಡು ಸಲ ನೀಟ್ ಬರೆದಿದ್ದಾನೆ, ಮೆಡಿಕಲ್ ಸೀಟು ಸಿಕ್ಕಿಲ್ಲ. ಈಗ ಬಿಎಸ್ಸಿ. ಕಡಲೆಕಾಯಿ ಬೆಳೆದು ಕೋಚಿಂಗ್ ಫೀಸು ಕಟ್ಟಿದ ಅಪ್ಪ ಇವನ ಹತ್ತಿರ ಮಾತು ಬಿಟ್ಟಿದ್ದಾರೆ. ‘ನಂದೂ ಸೀಟು ತಪ್ಪಿತು ಸರ್’ ಅಂದ. ಅವನು ಕೇಳಿದ್ದು ಕಾರಿನ ಪ್ರಶ್ನೆ ಅಲ್ಲ ಅಂತ ಆಗ ನನಗೆ ಗೊತ್ತಾಯ್ತು. ಅವರಪ್ಪನ ನಂಬರ್ ಇಸ್ಕೊಂಡೆ.

ಮಾರನೇ ದಿನ ಚಿತ್ರದುರ್ಗದಲ್ಲಿ ಕೆಲಸ ಇತ್ತು. ರಾತ್ರಿ ಶಿರಾ ಹತ್ತಿರ ಹೆದ್ದಾರಿಯ ಢಾಬಾದಲ್ಲಿ ಟೀಗೆ ನಿಂತೆ. ಬೆಂಗಳೂರಿನಿಂದ ಪುಣೆಗೆ ಹೊರಟ ಲಾರಿ. ಒಬ್ಬ ಡ್ರೈವರ್ ಹಿಂದೆ ಮಲಗಿದ್ದ, ಇನ್ನೊಬ್ಬ ಟೀ ಕುಡೀತಿದ್ದ. ಗಾಡಿ ಅವನ ಕೈಗೆ ಕೊಡೋವಾಗ ಏನು ಹೇಳ್ತೀರಿ ಅಂತ ಕೇಳಿದೆ.

‘ಎಡಗಡೆ ಹಿಂದಿನ ಟೈರ್ ಬಿಸಿ ಆಗ್ತೈತೆ, ನೋಡ್ಕೋ ಅಂತೀನಿ ಸಾರ್. ಹೇಳ್ದೆ ಕೊಟ್ರೆ ಸಾಯೋದು ಇಬ್ರೂ ತಾನೆ?’

ಕಾರಿಗೆ ಬಂದು ಕೂತು ಟೈಮ್ ನೋಡಿದೆ. ಒಂಬತ್ತೂವರೆ. ಪಾವಗಡದಲ್ಲಿ ಇನ್ನೂ ಮಲಗಿರಲ್ಲ ಅಂದುಕೊಂಡು ಆ ನಂಬರ್‌ಗೆ ಫೋನ್ ಮಾಡಿದೆ.