ಮಾಗಿಯ ಚಳಿಯೂ ಬೈಸಿಕಲ್ಲೂ

ಮಂಡ್ಯ ಸೀಮೆಯ ಚಳಿಯನ್ನು ಉಷ್ಣಮಾಪಕದ ಅಂಕಿಗಳಿಂದಲೇ ಅಳೆಯಹೊರಟವರು ಅದನ್ನು ಚಳಿಯೆಂದು ಒಪ್ಪಿಕೊಳ್ಳುವುದು ಕಷ್ಟ. ಮಾರ್ಗಶಿರ ಕಳೆದು ಪುಷ್ಯ ಕಾಲಿಟ್ಟಾಗಲೂ ಇಲ್ಲಿಯ ಬೆಳಗಿನ ಜಾವದ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಎಂದಾದರೊಂದು ದಿನ ಅದು 12ಕ್ಕೋ 11ಕ್ಕೋ ಇಳಿಯಿತೆಂದರೆ ಟೀ ಅಂಗಡಿಯ ಬೆಂಚುಗಳ ಮೇಲೆಲ್ಲ ಅದೇ ಮಾತಾಗುತ್ತದೆ. ಹಿಮಾಲಯದ ತಪ್ಪಲಿನವರು ಕೇಳಿದರೆ ಇದನ್ನು ಹಿತವಾದ ಹವೆಯೆಂದಾರು. ಆದರೆ ಬೆಳಗಿನ ಐದೂವರೆಗೆ ಶ್ರೀರಂಗಪಟ್ಟಣದ ಕೋಟೆಯ ಹೊರಗೆ ಬೈಸಿಕಲ್ಲನ್ನೇರಿ, ಕಾವೇರಿಯ ಉತ್ತರದ ಕವಲನ್ನು ದಾಟಿ, ಕಿರಂಗೂರಿನ ಮಾರ್ಗವಾಗಿ ಪಾಂಡವಪುರದ ಕಡೆಗೆ ತುಳಿಯತೊಡಗಿದವನ ಬೆರಳ ತುದಿಗಳನ್ನೂ ಕಿವಿಯ ಹಾಲೆಗಳನ್ನೂ ವಿಚಾರಿಸಿದರೆ ಅವು ಹೇಳುವ ಲೆಕ್ಕವೇ ಬೇರೆ. ಈ ಭೂಭಾಗದ ಮಾಗಿಯನ್ನು ಸಾಕಲ್ಯವಾಗಿ ಬಲ್ಲವನು ಯಾರೆಂದು ಕೇಳಿದರೆ, ಹೊಲದ ಕಾವಲಿಗೆ ಮಲಗುವ ರೈತನನ್ನು ಮೊದಲು ಹೆಸರಿಸಿ, ಅವನ ಮಗ್ಗುಲಲ್ಲಿಯೇ ಬೈಸಿಕಲ್ ಸವಾರನನ್ನು ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ.

ಇದರ ಕಾರಣ ನಿಗೂಢವಾದುದೇನಲ್ಲ. ಮನುಷ್ಯನ ಶರೀರವು ತನ್ನ ಸುತ್ತ ಬೆಚ್ಚನೆಯ ಗಾಳಿಯ ತೆಳುವಾದ ಪೊರೆಯೊಂದನ್ನು ಸದಾ ಧರಿಸಿರುತ್ತದೆ. ನಿಂತವನಿಗೆ ಆ ಪೊರೆ ಉಳಿಯುತ್ತದೆ, ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಸಾಗುವವನಿಗೆ ಅದು ಕ್ಷಣಕ್ಷಣಕ್ಕೂ ಹರಿದುಹೋಗುತ್ತದೆ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್ ಎಂಬ ಅನ್ವೇಷಕರಿಬ್ಬರು 1941ರಲ್ಲಿ ಅಂಟಾರ್ಕ್ಟಿಕದ ಹಿಮದ ನಡುವೆ, ನೀರು ತುಂಬಿದ ಸಣ್ಣದೊಂದು ಪ್ಲಾಸ್ಟಿಕ್ ಪಾತ್ರೆಯನ್ನು ಬಯಲಿನಲ್ಲಿ ತೂಗುಹಾಕಿ, ಅದು ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಅಳೆದು, ಗಾಳಿ ಬಲವಾದಂತೆಲ್ಲ ಶಾಖವೂ ಬೇಗ ಅಪಹೃತವಾಗುವ ಸಂಗತಿಯನ್ನು ಗಣಿತಕ್ಕೆ ತಂದರು. ಬೈಸಿಕಲ್ ಸವಾರನಾದರೋ, ಎಲೆ ಅಲುಗದ ದಿನದಲ್ಲಿಯೂ ತನ್ನ ಗಾಳಿಯನ್ನು ತಾನೇ ಉಂಟುಮಾಡಿಕೊಳ್ಳುವವನು. ಅದಕ್ಕೆ ಪ್ರತಿಯಾಗಿ ತನ್ನ ಶಾಖವನ್ನೂ ಅವನೇ ಉತ್ಪಾದಿಸಿಕೊಳ್ಳುತ್ತಾನೆ. ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಪೆಡಲಿಗೆ ಸಂದು, ಉಳಿದ ಮುಕ್ಕಾಲು ಭಾಗ ಶಾಖವಾಗಿಯೇ ಹೊರಬೀಳುವುದರಿಂದ, ಮೊದಲ ಹತ್ತು ನಿಮಿಷ ತಡೆದುಕೊಂಡವನ ಎದೆ ಬೆನ್ನುಗಳು ತಾವಾಗಿಯೇ ಬೆಚ್ಚಗಾಗುತ್ತವೆ. ಏರಿನಲ್ಲಿ ಬೆವರಿದವನು ಅದೇ ಒದ್ದೆ ಅಂಗಿಯಲ್ಲಿ ಇಳಿಜಾರಿಗೆ ಬಿದ್ದಾಗ ಮಾತ್ರ ಮಾಗಿಯ ನಿಜರೂಪ ಅವನಿಗೆ ಅರಿವಾಗುತ್ತದೆ. ಹಿಂದಿನವರು ಅಂಗಿಯೊಳಗೆ, ಎದೆಯ ಮೇಲೆ, ದಿನಪತ್ರಿಕೆಯ ಹಾಳೆಯೊಂದನ್ನು ಹರಡಿಕೊಂಡು ಹೊರಡುತ್ತಿದ್ದರು. ಅಗ್ಗದ ಕವಚವೆಂದು ಅದನ್ನು ಉಪೇಕ್ಷಿಸಬೇಕಾದುದಿಲ್ಲ. ಗಾಳಿಯನ್ನು ತಡೆಯುವುದರಲ್ಲಿ ಅದು ಎಷ್ಟೋ ಸ್ವೆಟರುಗಳಿಗಿಂತ ಮೇಲು.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳ ರಸ್ತೆಗಳಲ್ಲಿ ಬೈಸಿಕಲ್ಲು ತುಳಿಯುವವನಿಗೆ ದೊರೆಯುವ ಒಂದು ಅನುಭವವು ಬಸ್ಸಿನವನಿಗೂ ಕಾರಿನವನಿಗೂ ಎಂದಿಗೂ ದೊರೆಯುವುದಿಲ್ಲ. ಅದೆಂದರೆ, ಚಳಿಯು ಎಲ್ಲ ಕಡೆಯೂ ಒಂದೇ ಸಮನಾಗಿ ಹರಡಿಲ್ಲವೆಂಬ ಪ್ರತ್ಯಕ್ಷ ಜ್ಞಾನ. ಬೆದ್ದಲು ಹೊಲಗಳ ನಡುವಿನ ದಿಣ್ಣೆಯ ಮೇಲೆ ಸಾಗುತ್ತಿರುವಾಗ ಸಹಿಸಬಹುದಾಗಿದ್ದ ಚಳಿ, ರಸ್ತೆ ಗದ್ದೆಬಯಲಿಗೆ ಇಳಿಯುತ್ತಲೇ ಥಟ್ಟನೆ ಮೊಣಕಾಲಿಗೆ ಬಡಿಯುತ್ತದೆ; ನಾಲೆಯ ಸೇತುವೆಯ ಮೇಲೆ ಆವಿ ಏಳುತ್ತಿರುತ್ತದೆ; ಮುಂದೆ ನೂರು ಗಜ ಕಾವಳ ಕವಿದು ಮುಂದಿನ ಚಕ್ರವೇ ಕಾಣದಾಗುತ್ತದೆ; ಮತ್ತೆ ಏರು, ಮತ್ತೆ ತಿಳಿಯಾದ ನಕ್ಷತ್ರಗಳು. ಮೋಡವಿಲ್ಲದ ರಾತ್ರಿಯಲ್ಲಿ ಭೂಮಿ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾದಾಗ, ಅದನ್ನು ತಾಕಿದ ಗಾಳಿಯೂ ತಣಿದು, ಭಾರವಾಗಿ, ನೀರಿನಂತೆಯೇ ತಗ್ಗಿಗೆ ಹರಿದು ನಿಲ್ಲುತ್ತದೆ. ತಗ್ಗಿನಲ್ಲಿ ನೀರು ನಿಂತ ಗದ್ದೆಯೂ ಇದ್ದರೆ ಅದರ ತೇವವೇ ಮಂಜಾಗುತ್ತದೆ.

ಈ ತಗ್ಗಿನ ನೀರಾದರೂ ಬಹುಮಟ್ಟಿಗೆ ಮನುಷ್ಯರು ತಂದುದು. ಶ್ರೀರಂಗಪಟ್ಟಣದ ಸುತ್ತಣ ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಯಸಾಗರ ನಾಲೆಗಳು ಹಳೆಯವು. ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಅಣೆಕಟ್ಟೆಯ ಕೆಲಸ ಸುಮಾರು ಎರಡು ದಶಕ ನಡೆದು ಮುಗಿದ ಮೇಲೆ, ಮೊದಲು ಇರ್ವಿನ್ ನಾಲೆಯೆನಿಸಿ ಆಮೇಲೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಕಾಲುವೆಯು, ಹುಲಿಕೆರೆಯ ಸುರಂಗವನ್ನು ನುಸುಳಿ, ಅಲ್ಲಿಯವರೆಗೆ ರಾಗಿ ಹುರುಳಿಗಳನ್ನಷ್ಟೇ ಕಂಡಿದ್ದ ಖುಷ್ಕಿಯನ್ನು ತರಿಯಾಗಿ ಮಾರ್ಪಡಿಸಿತು. ಭತ್ತ ಬಂತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆಗಳು ಬಂದವು. ಅವುಗಳೊಡನೆ ಈ ದಟ್ಟವಾದ ಬೆಳಗಿನ ಕಾವಳವೂ ಬಂದಿರಬೇಕೆಂದು ನಾನು ಭಾವಿಸುತ್ತೇನೆ. ನಾಲೆಯ ನೀರು ತಲಪದ ನಾಗಮಂಗಲದ ಬಯಲುಗಳಲ್ಲಿ ಚಳಿ ಒಣದಾಗಿಯೂ ಚುರುಕಾಗಿಯೂ ಇರುತ್ತದೆ. ಪಾಂಡವಪುರದ ಗದ್ದೆಗಳ ಚಳಿ ತೇವವಾದುದು, ಮೈಗೆ ಅಂಟಿಕೊಳ್ಳುವಂಥದು.

ಪಾಂಡವಪುರದಿಂದ ಚಿನಕುರಳಿಯ ಮೇಲೆ ಬೂಕನಕೆರೆಯನ್ನು ಹಾದು ಕೃಷ್ಣರಾಜಪೇಟೆಗೆ ಹೋಗುವ ಹಾದಿಯಲ್ಲಿ ಮಾಗಿಯ ಬೆಳಗ್ಗೆ ಯಾರು ಯಾರು ಎದುರಾಗುತ್ತಾರೆಂಬುದನ್ನು ಒಂದು ಗಳಿಗೆ ನಿಂತು ನೋಡಬೇಕು. ಪತ್ರಿಕೆಯ ಕಟ್ಟನ್ನು ಕ್ಯಾರಿಯರಿಗೆ ಬಿಗಿದ ಹುಡುಗ, ಹೂವಿನ ಬುಟ್ಟಿಯವನು, ಧನುರ್ಮಾಸದ ಪೂಜೆಗೆಂದು ತಲೆಗೆ ಪಂಚೆಯ ಮುಸುಕು ಹಾಕಿಕೊಂಡು ಹೊರಟ ಮುದುಕರು, ಮತ್ತು ಎಲ್ಲರಿಗಿಂತ ಹೆಚ್ಚಾಗಿ, ಡೇರಿಗೆ ಹಾಲು ಹಾಕಲು ಹೋಗುವವರು. ಊರೂರಿಗೂ ಹಾಲು ಉತ್ಪಾದಕರ ಸಹಕಾರ ಸಂಘಗಳಿರುವ ಈ ಜಿಲ್ಲೆಯಲ್ಲಿ ಬೆಳಗ್ಗೆ ಒಂದು ಬಾರಿ, ಸಂಜೆ ಒಂದು ಬಾರಿ ಹಾಲಿನ ಸಂಗ್ರಹ ನಡೆಯುತ್ತದೆ. ಹಾಲಿನ ಗಾಡಿ ಹೊರಡುವ ಹೊತ್ತು ಮುಂಗಾರಿಗೂ ಒಂದೇ, ಮಾಗಿಗೂ ಒಂದೇ. ಚಿನಕುರಳಿಯ ಆಚೆ ಒಬ್ಬ ಮಧ್ಯವಯಸ್ಕನನ್ನು ಮಾತನಾಡಿಸಿದೆ. ಹ್ಯಾಂಡಲಿನ ಎರಡು ಕಡೆಯೂ ಕ್ಯಾನುಗಳು ತೂಗುತ್ತಿದ್ದವು. ಕಿವಿ ಮುಚ್ಚುವಂತೆ ಟವೆಲು ಸುತ್ತಿ ಗಲ್ಲದ ಕೆಳಗೆ ಗಂಟು ಹಾಕಿದ್ದನು. ಎರಡು ಕೈಗೂ ಮಗನ ಹಳೆಯ ಶಾಲೆಯ ಕಾಲುಚೀಲಗಳು, ಬ್ರೇಕು ಹಿಡಿಯಲೆಂದು ಬೆರಳುಗಳ ಜಾಗದಲ್ಲಿ ಕತ್ತರಿಸಿದವು. "ಕೈ ಮರಗಟ್ಟುವುದಿಲ್ಲವೇನಪ್ಪ?" ಎಂದೆ. "ಮರಗಟ್ತದೆ ಸಾಮಿ. ಅಂತ ಕುಂತ್ಕಂಡ್ರೆ ಹಸ ಕೇಳದಾ? ಹೊತ್ಗೆ ಸರ್ಯಾಗಿ ಕೂಗ್ತದೆ. ಮೊದ್ಲು ಹಾಲು, ಆಮ್ಯಾಕೆ ಚಳಿ," ಎಂದು ಹೇಳಿ, ಪೆಡಲಿನ ಮೇಲೆ ಒಂದು ಕಾಲಿಟ್ಟು ಇನ್ನೊಂದರಿಂದ ನಾಲ್ಕು ಹೆಜ್ಜೆ ತಳ್ಳಿ, ಹಾಲು ತುಳುಕದಂತೆ ಮೇಲೇರಿ ಹೋದನು. ಎದೆ ಹೊಟ್ಟೆಗಳ ಕಾವನ್ನು ಕಾಪಾಡುವುದಕ್ಕಾಗಿ ಶರೀರವು ಮೊದಲು ಕೈಬೆರಳುಗಳ ರಕ್ತಸಂಚಾರವನ್ನೇ ಕಡಮೆಮಾಡುತ್ತದೆ. ಅದೇ ಬೆರಳುಗಳು ಇಬ್ಬನಿಯಲ್ಲಿ ನೆನೆದ ಕಬ್ಬಿಣದ ಬ್ರೇಕನ್ನು ಹಿಡಿದಿರಬೇಕಾದುದು ಬೈಸಿಕಲ್ಲಿನವನ ಕಷ್ಟ. ಆ ಕಾಲುಚೀಲದ ಉಪಾಯವನ್ನು ಕಂಡುಹಿಡಿದವರು ಯಾರೋ, ಅವರಿಗೆ ನಮಸ್ಕಾರ.

ಯಂತ್ರಕ್ಕೂ ಚಳಿಯುಂಟು. ಮಧ್ಯಾಹ್ನದ 30 ಡಿಗ್ರಿಯಲ್ಲಿ ಗಾಳಿ ಹೊಡೆಸಿದ ಟ್ಯೂಬು ಬೆಳಗಿನ 14 ಡಿಗ್ರಿಯಲ್ಲಿ ಸ್ವಲ್ಪ ಮೆತ್ತಗಾಗಿರುತ್ತದೆ. ಪಂಚರೆಂದು ಭ್ರಮಿಸಬೇಕಾದುದಿಲ್ಲ, ಒಳಗಿನ ಗಾಳಿ ಸಂಕುಚಿತವಾಗಿದೆಯಷ್ಟೆ. ಗ್ರೀಸು ಬಿಗಿಯುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಮನೆಯಲ್ಲಿದೆಯೆಂದು ಅದನ್ನೇ ಚೈನಿಗೆ ಹಾಕಿದವನು ಮಾಗಿಯಲ್ಲಿ ತಲೆಯ ಎಣ್ಣೆಯನ್ನೂ ಚೈನನ್ನೂ ಒಟ್ಟಿಗೆ ಬಿಸಿಲಿಗಿಡಬೇಕಾಗುತ್ತದೆ. ಆದರೂ ಎಷ್ಟು ಸರಳವಾದ ಯಂತ್ರವಿದು! ಸ್ಟಾರ್ಲಿಯ ರೋವರ್ ಬೈಸಿಕಲ್ಲು 1885ರಲ್ಲಿ ಬಂದು, 1888ರಲ್ಲಿ ಡನ್‌ಲಪ್ಪನು ಗಾಳಿ ತುಂಬುವ ಟೈರನ್ನು ಕೊಟ್ಟ ಮೇಲೆ ಅದರ ಆಕಾರದಲ್ಲಿ ಮೂಲಭೂತವಾದ ಬದಲಾವಣೆ ಆಗಿಯೇ ಇಲ್ಲವೆನ್ನಬೇಕು. ರ‍್ಯಾಲೆ, ಹರ್ಕ್ಯುಲಿಸ್, ಹಂಬರ್ ಎಂಬ ಹೆಸರುಗಳನ್ನು ನಮ್ಮ ಹಿರಿಯರು ಮನೆತನದ ಹೆಸರುಗಳಷ್ಟೇ ಗೌರವದಿಂದ ಉಚ್ಚರಿಸುತ್ತಿದ್ದುದೂ, ಮಕ್ಕಳು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯುತ್ತಿದ್ದುದೂ ಹಳ್ಳಿಗಳಲ್ಲಿ ಇನ್ನೂ ಅನೇಕರಿಗೆ ನೆನಪಿದೆ.

ಚಳಿಯಲ್ಲಿ ಬಂದವನಿಗೆ ದಾರಿಯಲ್ಲಿ ಆಶ್ರಯವೆಂದರೆ ಆಲೆಮನೆ. ಪಾಂಡವಪುರದ ಸುತ್ತಮುತ್ತ, ಕೃಷ್ಣರಾಜಪೇಟೆಯ ಕಡೆಗೂ, ಕಬ್ಬು ಅರೆಯುವ ಕಾಲದಲ್ಲಿ ಒಲೆಗಳು ನಸುಕಿನಲ್ಲಿಯೇ ಹೊತ್ತಿರುತ್ತವೆ. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಬ್ಬನು ಒಲೆಯ ಬಾಯಿಗೆ ಎಡೆಬಿಡದೆ ತಳ್ಳುತ್ತಾನೆ. ಮೇಲೆ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಮೊದಲು ಹಸುರು ನೊರೆಯಾಗಿ ಉಕ್ಕಿ, ಕಲ್ಮಷವನ್ನು ತೆಗೆದ ಮೇಲೆ ತಿಳಿಯಾಗಿ, ಕ್ರಮೇಣ ಕೆಂಪಡರಿ, ಜೋನಿಯ ಹದಕ್ಕೆ ಬಂದಾಗ ಗುಳ್ಳೆಗಳು ದೊಡ್ಡವಾಗಿ ಮಂದಗತಿಯಿಂದ ಒಡೆಯುತ್ತವೆ. ಬೈಸಿಕಲ್ಲನ್ನು ಗೋಡೆಗೆ ಒರಗಿಸಿ ಒಲೆಯ ಮುಂದೆ ಕೈ ಚಾಚಿದವನನ್ನು ಯಾರೆಂದು ಅಲ್ಲಿ ಕೇಳುವುದಿಲ್ಲ. "ಬನ್ನಿ, ಕಾಯಿಸ್ಕಳಿ" ಎಂದು ಜಾಗ ಬಿಡುತ್ತಾರೆ. ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿ ಕೊಡುತ್ತಾರೆ. ಮರಗಟ್ಟಿದ ಬೆರಳುಗಳಿಗೆ ರಕ್ತ ಮರಳುವಾಗ ಚುಚ್ಚುವ ಆ ನೋವನ್ನೂ, ಅದೇ ಕ್ಷಣದಲ್ಲಿ ನಾಲಗೆಗೆ ತಾಕುವ ಬೆಲ್ಲದ ಸವಿಯನ್ನೂ ಒಟ್ಟಿಗೆ ಅನುಭವಿಸದವನಿಗೆ ಈ ಸೀಮೆಯ ಪರಿಚಯ ಪೂರ್ಣವಾಯಿತೆಂದು ನಾನು ಹೇಳಲಾರೆ.

ಪಾಂಡವಪುರದಿಂದ ಉತ್ತರಾಭಿಮುಖವಾಗಿ, ಜಕ್ಕನಹಳ್ಳಿಯ ಮೇಲೆ ನಾಗಮಂಗಲಕ್ಕೆ ತುಳಿದರೆ ನೆಲ ಮೆಲ್ಲಮೆಲ್ಲನೆ ಏರುತ್ತ, ಮೇಲುಕೋಟೆಯ ಬೆಟ್ಟಸಾಲು ಎಡಕ್ಕೆ ಉಳಿದು, ತೆಂಗು ಕಬ್ಬುಗಳು ವಿರಳವಾಗಿ, ಹೊಲಗಳು ತೆರೆದುಕೊಳ್ಳುತ್ತವೆ. ಇಲ್ಲಿ ಮೂಡಗಾಳಿಯೇ ಒಡೆಯ. ಬಲಗೆನ್ನೆಗೆ ಬೀಸುವ ಅದರ ಎದುರು ನಾಗಮಂಗಲದ ಸೌಮ್ಯಕೇಶವನ ಗೋಪುರ ಕಾಣುವಷ್ಟರಲ್ಲಿ ಕಣ್ಣು ನೀರಾಡಿರುತ್ತದೆ. ಆದರೆ ಮಾಗಿಯ ಸಂಪತ್ತೆಲ್ಲ ಕಣ್ಣಿಗೆ ಬೀಳುವುದೂ ಇಲ್ಲಿಯೇ: ಹುಚ್ಚೆಳ್ಳಿನ ಹಳದಿ ಹೂವು, ರಾಗಿಯ ಮೆದೆಗಳು, ಇಬ್ಬನಿ ಬಿದ್ದಷ್ಟೂ ಸೊಗಡೇರುವ ಅವರೆಕಾಯಿ. ಸುಗ್ಗಿಯಲ್ಲಿ ಕಣದ ಕೆಲಸವನ್ನು ರಸ್ತೆಯ ಮೇಲೆಯೇ ನಡೆಸುವುದು ವಾಡಿಕೆಯಾಗಿಬಿಟ್ಟಿದೆ. ವಾಹನಗಳು ಹಾದು ಒಕ್ಕಲಾಗಲೆಂದು ಹರಡಿದ ಹುರುಳಿಯ ಬಳ್ಳಿ ಬೈಸಿಕಲ್ಲಿನ ಚೈನಿಗೆ ಸುತ್ತಿಕೊಳ್ಳುತ್ತದೆ, ರಾಗಿಯ ತೆನೆಯ ಮೇಲೆ ಟೈರು ಜಾರುತ್ತದೆ. ರೈತನ ಅನಿವಾರ್ಯತೆಯನ್ನು ಬಲ್ಲೆನಾದರೂ, ರಸ್ತೆಯ ಒಂದು ಮಗ್ಗುಲನ್ನಾದರೂ ಬಿಟ್ಟು ಹರಡಿರೆಂದು ಕೈಮುಗಿದು ಕೇಳಬೇಕಾಗಿದೆ.

ಏಕೆಂದರೆ ಈ ಹೊತ್ತಿನಲ್ಲಿ ಆ ರಸ್ತೆಗಳಲ್ಲಿ ಹೋಗುವವರಲ್ಲಿ ಮಕ್ಕಳೂ ಇದ್ದಾರೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸುವ ಈ ತಿಂಗಳುಗಳಲ್ಲಿ ಪ್ರೌಢಶಾಲೆಗಳು ಬೆಳಗಿನ ವಿಶೇಷ ತರಗತಿಗಳನ್ನು ನಡೆಸುತ್ತವೆ. ಅಷ್ಟು ಬೇಗ ಬಸ್ಸಿಲ್ಲದ ಹಳ್ಳಿಗಳಿಂದ ಹುಡುಗಿಯರು, ಎರಡು ಜಡೆಗಳ ಮೇಲೆ ಉಲ್ಲನ್ ಸ್ಕಾರ್ಫು ಬಿಗಿದು, ಮೂವರು ನಾಲ್ವರು ಜೊತೆಯಾಗಿ ತುಳಿದುಕೊಂಡು ಬರುತ್ತಾರೆ. 2006–07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದಾಗ, ಏಳನೆಯದಕ್ಕೇ ಓದು ಮುಗಿಯಬಹುದಾಗಿದ್ದ ಎಷ್ಟೋ ಹೆಣ್ಣುಮಕ್ಕಳು ಮೂರು ನಾಲ್ಕು ಮೈಲಿಯ ಆಚೆಯ ಪ್ರೌಢಶಾಲೆಯನ್ನು ಕಂಡರು. ಸರ್ಕಾರದ ಕೆಲಸಗಳಲ್ಲಿ ಇಷ್ಟು ನೇರವಾಗಿ ಫಲ ಕೊಟ್ಟವು ವಿರಳ. ಕೋವಿಡ್ ವರ್ಷದಲ್ಲಿ ಶಾಲೆಗಳು ಮುಚ್ಚಿದಾಗ ಆ ವಿತರಣೆ ನಿಂತುಹೋಯಿತು.

ಫಿನ್ಲೆಂಡಿನ ಔಲು ಎಂಬ ನಗರದಲ್ಲಿ ಹಿಮ ಮುಸುಕಿದ ತಿಂಗಳುಗಳಲ್ಲಿಯೂ ಮಕ್ಕಳು ಬೈಸಿಕಲ್ಲಿನಲ್ಲಿಯೇ ಶಾಲೆಗೆ ಹೋಗುತ್ತಾರೆ. ಅಲ್ಲಿಯ ಪೌರಾಡಳಿತ ಬೈಸಿಕಲ್ಲಿನ ಹಾದಿಯನ್ನು ಬೇರೆಯಾಗಿ ನಿರ್ಮಿಸಿ, ಅದರ ಹಿಮವನ್ನು ನಸುಕಿನಲ್ಲಿಯೇ ಗೋರಿಸುತ್ತದೆ. ಅಂಥ ಚಳಿಯಲ್ಲಿ ಸಾಧ್ಯವಾದುದು ನಮ್ಮ 14 ಡಿಗ್ರಿಯಲ್ಲಿ ಕಷ್ಟವಾಗಿರುವುದಕ್ಕೆ ಚಳಿ ಕಾರಣವಲ್ಲ, ರಸ್ತೆ ಕಾರಣ. 2023ರಲ್ಲಿ ಲೋಕಾರ್ಪಣೆಯಾದ ಬೆಂಗಳೂರು–ಮೈಸೂರು ದಶಪಥದ ಮುಖ್ಯ ರಸ್ತೆಯಲ್ಲಿ ಬೈಸಿಕಲ್ಲಿಗೆ ಪ್ರವೇಶವಿಲ್ಲ. ಆ ವೇಗಗಳ ನಡುವೆ ಅದು ಸರಿಯಾದುದೇ. ಆದರೆ ಸರ್ವಿಸ್ ರಸ್ತೆಯಲ್ಲಾಗಲಿ, ನಾಗಮಂಗಲದ ಹೆದ್ದಾರಿಯಲ್ಲಾಗಲಿ ಬೈಸಿಕಲ್ಲಿಗೆಂದು ಒಂದು ಗಜದ ಅಂಚನ್ನೂ ಬಿಡದಿರುವುದು ಸರಿಯಲ್ಲ. ಕಾವಳದಲ್ಲಿ ಎಲ್ಲಕ್ಕಿಂತ ಭಯಾನಕವಾದುದು ಹಿಂಬದಿಯ ದೀಪವಿಲ್ಲದೆ, ಜಲ್ಲೆಗಳು ಹೊರಚಾಚುವಂತೆ ಕಬ್ಬು ಹೇರಿಕೊಂಡು ರಸ್ತೆಯ ಮೇಲೆಯೇ ನಿಂತ ಟ್ರ್ಯಾಕ್ಟರಿನ ಟ್ರೈಲರು. ಕಬ್ಬು ಅರೆಯುವ ಹಂಗಾಮು ಮಂಜಿನ ಹಂಗಾಮೂ ಆಗಿರುವುದರಿಂದ ಈ ಅಪಾಯ ವರ್ಷವರ್ಷವೂ ಮರಳುತ್ತದೆ.

ಆದುದರಿಂದ ಕಬ್ಬಿನ ಗಾಡಿಯ ಒಡೆಯರೇ, ಈ ಹಂಗಾಮಿನಲ್ಲಿ ಟ್ರೈಲರಿನ ಹಿಂದೆ ಕೆಂಪು ಪ್ರತಿಫಲಕದ ಪಟ್ಟಿಯನ್ನು ಅಂಟಿಸಿರಿ. ಅದಕ್ಕಾಗುವ ವೆಚ್ಚ ಅತ್ಯಲ್ಪ. ಕಾರ್ಖಾನೆಗಳವರು ಪಟ್ಟಿಯಿಲ್ಲದ ಗಾಡಿಯನ್ನು ಯಾರ್ಡಿನೊಳಕ್ಕೆ ಬಿಡದಿರಲಿ. ಬೈಸಿಕಲ್ಲಿನಲ್ಲಿ ಹೊರಡುವವರು ಮಡ್‌ಗಾರ್ಡಿಗೆ ಕೆಂಪು ದೀಪವೊಂದನ್ನು ಸಿಕ್ಕಿಸಿ, ಬಿಳಿಯ ಅಂಗಿಯನ್ನು ಸ್ವೆಟರಿನ ಮೇಲೆ ತೊಡಲಿ. ಇನ್ನು ಎಂಟನೆಯ ತರಗತಿಯ ಮಕ್ಕಳ ಬೈಸಿಕಲ್ಲುಗಳನ್ನು ಸರ್ಕಾರ ಮತ್ತೆ ಕೊಡಬೇಕು. ಮುಂದಿನ ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗಲೇ ಕೊಡಬೇಕು.